ಅಡವಿಯಲ್ಲಿ ನಿಂತ ಕರ್ತನು
ಶೋಧನೆಯನ್ನು ಕುರಿತ ಪಾಠ

ಓದತಕ್ಕ ಭಾಗ: ಮತ್ತಾಯ ೪:೧–೧೧, ಲೂಕ ೪:೧–೧೩.
ಬಾಯಿಪಾಠ ಮಾಡತಕ್ಕ ವಚನ: ಇಬ್ರಿಯ ೪:೧೫.



ದೀಕ್ಷಾಸ್ನಾನ ಹೊಂದಿದವನಿಗೆ ಇನ್ನು ಮೇಲೆ ಶೋಧನೆಗಳು ಬಾರವೆಂದು ನಮ್ಮಲ್ಲಿ ಕೆಲವರು ನೆನಸುವದುಂಟು. ಮೊದಲಿನ ಕೆಲವು ವಾರಗಳು ಹಾಗೆಯೇ ತೋರುವವು. ಮನಸ್ಸು ಹಗುರವಾಗಿರುವದು, ಹಾಡು ತಾನಾಗಿ ಬಾಯಿಗೆ ಬರುವದು, ಮುನಿಸಿಕೊಂಡ ನೆರೆಯವನ ಸಂಗಡ ಸಹ ಮಾತಾಡಬೇಕೆನ್ನಿಸುವದು. ಆ ಮೇಲೆ ಒಂದು ದಿನ ಹಳೆಯ ಕೋಪವು ಎದ್ದು ಬರುವದು. ಸಂತೆಯಿಂದ ಹಿಂದಿರುಗುವಾಗ ಶೆರೆಯ ಅಂಗಡಿಯ ಮುಂದೆ ಕಾಲುಗಳು ತಾವಾಗಿ ನಿಧಾನವಾಗುವವು. ಆಗ ಆ ಮನುಷ್ಯನು ಹೆದರಿ, “ನನ್ನ ಸ್ನಾನವು ಸುಳ್ಳಾಯಿತೋ? ದೇವರು ನನ್ನನ್ನು ಕೈಬಿಟ್ಟನೋ?” ಎಂದು ತನ್ನೊಳಗೆ ಕೇಳಿಕೊಳ್ಳುವನು. ನಾಚಿಕೆಯಿಂದ ಯಾರಿಗೂ ಹೇಳನು. ಒಂದು ಆದಿತ್ಯವಾರ ಆರಾಧನೆಗೆ ಬಾರನು. ಮರು ಆದಿತ್ಯವಾರವೂ ಬಾರನು. ಹೀಗೆ ಶೋಧನೆಗಿಂತಲೂ ಶೋಧನೆಯ ವಿಷಯವಾದ ತಪ್ಪು ತಿಳುವಳಿಕೆಯೇ ಅನೇಕರನ್ನು ಸಭೆಯಿಂದ ದೂರ ಮಾಡಿದೆ. ಅಂಥವನಿಗಾಗಿಯೂ ಅವನ ಮನೆಯವರಿಗಾಗಿಯೂ ಈ ಪಾಠವನ್ನು ಬರೆದಿದೆ.

೧. ಶೋಧನೆ ಎಂದರೇನು?

ಸಂತೆಯಲ್ಲಿ ಹೆಂಗಸರು ಗಡಿಗೆ ಕೊಳ್ಳುವದನ್ನು ನೋಡಿದ್ದೀರಿ. ಗಡಿಗೆಯನ್ನು ಕೈಯಲ್ಲಿ ಎತ್ತಿ ಬೆರಳಿನಿಂದ ತಟ್ಟಿ ಅದರ ದನಿಯನ್ನು ಕೇಳುತ್ತಾರೆ. ಗಟ್ಟಿಯಾದದ್ದನ್ನು ಮನೆಗೆ ಒಯ್ಯಬೇಕೆಂಬುವದೇ ಅವರ ಉದ್ದೇಶ. ಅದೇ ಗಡಿಗೆಯನ್ನು ಒಬ್ಬ ತುಂಟ ಹುಡುಗನು ಕಲ್ಲಿನಿಂದ ಹೊಡೆಯಬಹುದು. ಅವನದೂ ಒಂದು ತಟ್ಟುವಿಕೆಯೇ. ಆದರೆ ಒಡೆಯಬೇಕೆಂಬುವದು ಅವನ ಉದ್ದೇಶ. ಪೆಟ್ಟು ಬಿದ್ದದ್ದು ಒಂದೇ ಗಡಿಗೆಗೆ. ಹೊಡೆದವರ ಮನಸ್ಸು ಮಾತ್ರ ಬೇರೆ ಬೇರೆ.

ಸತ್ಯವೇದದಲ್ಲಿಯೂ ಹಾಗೆಯೇ. ಹೊಸ ಒಡಂಬಡಿಕೆಯು ಬರೆಯಲ್ಪಟ್ಟ ಗ್ರೀಕ್ ಭಾಷೆಯಲ್ಲಿ ‘ಪೆಯಿರಾಸ್ಮೊಸ್’ ಎಂಬ ಒಂದೇ ಮಾತು ಪರೀಕ್ಷೆಗೂ ದುಷ್ಟಪ್ರೇರಣೆಗೂ ಸಲ್ಲುತ್ತದೆ. ದೇವರು ಅಬ್ರಹಾಮನನ್ನು ಪರೀಕ್ಷಿಸಿದನೆಂದು ಆದಿಕಾಂಡ ೨೨ನೇ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ದೇವರು ಯಾರನ್ನೂ ಪಾಪಕ್ಕೆ ಪ್ರೇರಿಸುವವನಲ್ಲವೆಂದು ಯಾಕೋಬನು ತನ್ನ ಪತ್ರಿಕೆಯ ೧ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬೋಧಿಸುತ್ತಾನೆ. ಮಾರ್ಟಿನ್ ಲೂಥರನು ೧೫೨೯ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರಮಾಲೆಯಲ್ಲಿ ಕರ್ತನ ಪ್ರಾರ್ಥನೆಯ ಆರನೆಯ ಬೇಡಿಕೆಯನ್ನು ವಿವರಿಸುವಾಗ ಇದನ್ನೇ ಮೊದಲು ಹೇಳಿ, ನಮ್ಮನ್ನು ಮೋಸಗೊಳಿಸುವವರು ಸೈತಾನನು, ಲೋಕ, ನಮ್ಮ ಸ್ವಂತ ಶರೀರಭಾವ ಎಂಬ ಮೂವರೆಂದು ತೋರಿಸಿದನು.

ಇನ್ನೊಂದು ಮಾತು. ಶೋಧನೆಯು ಬರುವದೇ ಪಾಪವಲ್ಲ. ಬೀದಿಯ ನಾಯಿಯು ನಿಮ್ಮ ಅಂಗಳಕ್ಕೆ ನುಗ್ಗಿದರೆ ಅದು ನಿಮ್ಮ ತಪ್ಪೇ? ಅಲ್ಲ. ಆದರೆ ಅದಕ್ಕೆ ದಿನಾಲು ಅನ್ನವಿಟ್ಟು ಜಗಲಿಯ ಮೇಲೆ ಮಲಗಿಸಿದರೆ, ಅದು ಯಾರನ್ನಾದರೂ ಕಚ್ಚಿದ ದಿನ “ಅದು ನನ್ನ ನಾಯಿಯಲ್ಲ” ಎಂದು ಹೇಳಲಾಗದು. ಕೆಟ್ಟ ಆಲೋಚನೆಯು ಮನಸ್ಸಿಗೆ ಬಂದು ಹೋಗುವದು ಶೋಧನೆ. ಅದನ್ನು ಕರೆದು ಕೂರಿಸಿ ಸಾಕುವದು ಪಾಪದ ಆರಂಭ. ಆಶೆಯು ಗರ್ಭಧರಿಸಿ ಪಾಪವನ್ನು ಹೆರುವದು, ಪಾಪವು ಬೆಳೆದು ಮರಣವನ್ನು ಹೆರುವದು ಎಂದು ಯಾಕೋಬನು ತೋರಿಸುವ ವಂಶಾವಳಿಯು ಇದೇ. ನಮ್ಮ ಕರ್ತನು ಎಲ್ಲಾ ವಿಷಯಗಳಲ್ಲಿಯೂ ನಮ್ಮ ಹಾಗೆ ಶೋಧಿಸಲ್ಪಟ್ಟನು, ಆದರೂ ಪಾಪಮಾಡಲಿಲ್ಲ. ಆದಕಾರಣ ಶೋಧನೆಯು ಬಂದಾಗ, “ದೇವರು ನನ್ನನ್ನು ಕೈಬಿಟ್ಟನು” ಎನ್ನಬಾರದು. “ನನ್ನ ಕರ್ತನು ನಡೆದ ದಾರಿಯಲ್ಲಿ ನಾನೂ ಬಂದೆನು” ಎನ್ನಬೇಕು.

೨. ಸ್ಥಳವೂ ಕಾಲವೂ

ಯೆರೂಸಲೇಮು ಬೆಟ್ಟಗಳ ಮೇಲಿರುವ ಪಟ್ಟಣ. ಅದರ ಮೂಡಲಿಗೆ ಇಳಿಯುತ್ತಾ ಹೋದರೆ ಯೂದಾಯದ ಅಡವಿಯು ಸಿಕ್ಕುತ್ತದೆ. ಅದರ ಕೊನೆಯಲ್ಲಿ ಲವಣಸಮುದ್ರವಿದೆ. ಅದರ ದಡವು ಬೇರೆ ಸಮುದ್ರಗಳ ಮಟ್ಟಕ್ಕಿಂತ ಸುಮಾರು ೪೩೦ ಮೀಟರು ಕೆಳಗೆ ಇದೆ. ಭೂಮಿಯ ಮೇಲೆ ಅಷ್ಟು ತಗ್ಗಾದ ದಡ ಬೇರೊಂದಿಲ್ಲ. ನಮ್ಮ ಸೀಮೆಯಲ್ಲಿ ಪಡುವಲಿಂದ ಬರುವ ಮೋಡಗಳು ಘಟ್ಟದ ಮೇಲೆಯೇ ಮಳೆಯನ್ನು ಸುರಿಸಿ, ಮೂಡಲಿನ ಬಯಲುಸೀಮೆಗೆ ಬರುವಷ್ಟರಲ್ಲಿ ಬರಿದಾಗುವವಲ್ಲವೇ? ಅಲ್ಲಿಯೂ ಹಾಗೆಯೇ. ಪಡುವಣ ಸಮುದ್ರದ ಮೋಡಗಳು ಬೆಟ್ಟಗಳ ಆಚೆಯಲ್ಲಿಯೇ ಮಳೆಗರೆಯುವದರಿಂದ ಈ ಕಡೆಯ ಇಳಿಜಾರು ಬೋಳಾಗಿ ಒಣಗಿರುವದು. ಅಡವಿ ಎಂದಾಗ ನಮ್ಮ ಮಲೆನಾಡಿನ ಮರಗಳನ್ನು ನೆನಸಬಾರದು. ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳು, ಆಳವಾದ ಕೊರಕಲುಗಳು, ಬಿಸಿಲಿಗೆ ಕಾದ ಬಿಳೀ ಕಲ್ಲುಗಳು ಇವೇ ಇವೆ. ಆ ದೇಶದ ರೊಟ್ಟಿಯು ದುಂಡಗೆ ಚಪ್ಪಟೆಯಾಗಿರುವದು. ನಾಲ್ವತ್ತು ದಿನ ಉಪವಾಸವಿದ್ದವನ ಕಣ್ಣಿಗೆ ಆ ಕಲ್ಲುಗಳು ಹೇಗೆ ಕಂಡಿರಬಹುದೆಂದು ಆಲೋಚಿಸಿರಿ.

ಕಾಲವನ್ನೂ ಗಮನಿಸಿರಿ. ಸ್ವಲ್ಪ ಮುಂಚೆ ಯೇಸು ಯೊರ್ದನ್ ಹೊಳೆಯಲ್ಲಿ ಯೋಹಾನನಿಂದ ಸ್ನಾನ ಹೊಂದಿದ್ದನು. ಈತನು ತನ್ನ ಪ್ರಿಯನಾದ ಮಗನೆಂದು ಪರಲೋಕದಿಂದ ತಂದೆಯ ಶಬ್ದವಾಗಿತ್ತು. ಆ ಶಬ್ದದ ಮರುಕ್ಷಣದಲ್ಲಿಯೇ ಅಡವಿ! ಅಲ್ಲಿಗೆ ಆತನನ್ನು ನಡಿಸಿದವನು ಪವಿತ್ರಾತ್ಮನು. ಅಲ್ಲಿ ಆತನನ್ನು ಶೋಧಿಸಿದವನು ಸೈತಾನನು. ತಂದೆಯು ತನ್ನ ಮಗನನ್ನು ಪರೀಕ್ಷೆಗೆ ನಿಲ್ಲಿಸಿದ ಅದೇ ಸ್ಥಳದಲ್ಲಿ ವೈರಿಯು ಆತನನ್ನು ಒಡೆಯಲು ನೋಡಿದನು. ಸ್ನಾನದ ತರುವಾಯ ಶೋಧನೆ ಬಂತೆಂದು ಅಳುವ ಸಹೋದರನೇ, ನಿನ್ನ ಕರ್ತನಿಗೂ ಹಾಗೆಯೇ ಆಯಿತು.

ಮೊದಲನೆಯ ಮನುಷ್ಯನಾದ ಆದಾಮನು ಹಣ್ಣುಗಳಿಂದ ತುಂಬಿದ ತೋಟದಲ್ಲಿದ್ದು ಒಂದು ಹಣ್ಣಿಗಾಗಿ ಬಿದ್ದನು. ಇಸ್ರಾಯೇಲ್ಯರು ನಾಲ್ವತ್ತು ವರ್ಷ ಅಡವಿಯಲ್ಲಿ ಪರೀಕ್ಷಿಸಲ್ಪಟ್ಟು, ಆಹಾರಕ್ಕಾಗಿ ಗುಣುಗುಟ್ಟಿ, ನೀರಿಗಾಗಿ ಜಗಳವಾಡಿ, ಬಂಗಾರದ ಕರುವಿಗೆ ಅಡ್ಡಬಿದ್ದರು. ಯೇಸು ನಾಲ್ವತ್ತು ದಿನ ಅದೇ ವಿಧವಾದ ಅಡವಿಯಲ್ಲಿ ಹಸಿದವನಾಗಿ ನಿಂತನು. ಎಲ್ಲರೂ ಬಿದ್ದ ಸ್ಥಳದಲ್ಲಿ ಒಬ್ಬನು ನಮಗೋಸ್ಕರ ನಿಂತನೆಂಬುವದೇ ಈ ಅಧ್ಯಾಯದ ಸುವಾರ್ತೆ. ಆತನು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ ೬ ಮತ್ತು ೮ನೇ ಅಧ್ಯಾಯಗಳಿಂದ, ಅಂದರೆ ಇಸ್ರಾಯೇಲ್ಯರಿಗೆ ಅವರ ಅಡವಿಯ ಪಾಠವನ್ನು ಮೋಶೆಯು ನೆನಪಿಗೆ ತಂದ ಭಾಗದಿಂದಲೇ ಬಂದವು.

೩. ಮೊದಲನೆಯ ಶೋಧನೆ: ರೊಟ್ಟಿ

ಸೈತಾನನು ಮೊದಲು ಹಸಿವನ್ನು ಹಿಡಿದನು. ನೀನು ದೇವರ ಮಗನಾದರೆ ಈ ಕಲ್ಲುಗಳು ರೊಟ್ಟಿಯಾಗಲಿ ಎಂದನು. ಹಸಿವು ಪಾಪವಲ್ಲ, ರೊಟ್ಟಿಯೂ ಪಾಪವಲ್ಲ. ಹಾಗಾದರೆ ವಿಷವು ಎಲ್ಲಿತ್ತು? ‘ಆದರೆ’ ಎಂಬ ಮಾತಿನಲ್ಲಿತ್ತು. ತಂದೆಯು ಆಗಲೇ ಮಗನೆಂದು ಕರೆದಿದ್ದನು, ವೈರಿಯು ಅದನ್ನು ಸಂಶಯಕ್ಕೆ ತಂದು, “ಮಗನಾದವನು ಹಸಿದಿರಬೇಕೋ? ತಂದೆಯು ಕೊಡದಿದ್ದರೆ ನೀನೇ ಮಾಡಿಕೋ” ಎಂಬ ಆಲೋಚನೆಯನ್ನು ಮುಂದಿಟ್ಟನು. ಮನುಷ್ಯನ ಜೀವವು ರೊಟ್ಟಿಯೊಂದರಿಂದಲ್ಲ, ದೇವರ ಬಾಯಿಂದ ಹೊರಡುವ ಮಾತಿನಿಂದ ಉಳಿಯುವದೆಂದು ಕರ್ತನು ಉತ್ತರಕೊಟ್ಟನು.

ಈ ಶೋಧನೆಯು ನಮಗೆ ಹೊಸದಲ್ಲ. ಹಿಂದಿನ ಬೆಳೆಯ ಕಾಳು ತೀರಿ ಮುಂದಿನ ಬೆಳೆ ಇನ್ನೂ ಹೊಲದಲ್ಲಿರುವ ತಿಂಗಳುಗಳು ನಿಮಗೆ ಗೊತ್ತು. ಆಗ ಧಣಿಯ ಕಣದಲ್ಲಿ ಕೂಲಿಮಾಡುವವನಿಗೆ ರಾಶಿಯು ಕಣ್ಣಮುಂದೆ ಇರುವದು, ಮನೆಯಲ್ಲಿ ಮಕ್ಕಳ ಅಳು ಕಿವಿಯಲ್ಲಿ ಇರುವದು. “ನಾಲ್ಕು ಸೇರು ಹೋದರೆ ಅವನಿಗೆ ತಿಳಿಯುವದೋ? ದೇವರೇ ಕೊಟ್ಟನೆಂದು ತಿಳಿದುಕೋ” ಎಂದು ಒಳಗಿನಿಂದ ಒಂದು ದನಿ ಕೇಳುವದು. ಅಂಗಡಿಯವನಿಗೆ ಅಳತೆಯಲ್ಲಿ ಬೆರಳಿನಷ್ಟು ಕಡಿಮೆ ಮಾಡುವ ಶೋಧನೆ. ಹಾಲು ಮಾರುವವಳಿಗೆ ಒಂದು ಚೆಂಬು ನೀರಿನ ಶೋಧನೆ. ಅವರೆಲ್ಲರ ಬಾಯಲ್ಲಿ ಒಂದೇ ಮಾತು: ಹೊಟ್ಟೆಯ ಪಾಡು.

ಆದರೆ ಈ ವಚನವನ್ನು ಹೊಟ್ಟೆ ತುಂಬಿದವನು ಹಸಿದವನ ಮುಂದೆ ಹೇಳಿ ಬಾಗಿಲು ಮುಚ್ಚಬಾರದು. ತನಗೋಸ್ಕರ ಒಂದು ಕಲ್ಲನ್ನೂ ರೊಟ್ಟಿಮಾಡದ ಯೇಸು, ಹಸಿದ ಐದು ಸಾವಿರ ಜನರಿಗೋಸ್ಕರ ಐದು ರೊಟ್ಟಿಗಳನ್ನು ಮುರಿದು ಕೊಟ್ಟನು (ಮತ್ತಾಯ ೧೪). ತನ್ನ ಹಸಿವಿನಲ್ಲಿ ತಂದೆಯನ್ನು ನಂಬುವದು, ನೆರೆಯವನ ಹಸಿವಿನಲ್ಲಿ ತನ್ನ ಕೈಯನ್ನು ಚಾಚುವದು, ಇವೆರಡೂ ಕೂಡಿದರೇ ಕರ್ತನ ಮಾದರಿ. ಸಭೆಯಲ್ಲಿ ಒಬ್ಬನು ಹಸಿವಿನಿಂದ ಕದ್ದನೆಂದು ಕೇಳಿದಾಗ, “ಅವನೇಕೆ ಕದ್ದನು?” ಎಂದು ಕೇಳುವದರ ಸಂಗಡ, “ಅವನ ಒಲೆ ಹೊತ್ತದಿದ್ದ ದಿನ ನಾವೆಲ್ಲಿದ್ದೆವು?” ಎಂದೂ ಕೇಳಿಕೊಳ್ಳಬೇಕು.

೪. ಎರಡನೆಯ ಶೋಧನೆ: ದೇವಾಲಯದ ಶಿಖರ

ರೊಟ್ಟಿಯಿಂದ ಸೋಲದವನನ್ನು ವೈರಿಯು ಭಕ್ತಿಯಿಂದ ಸೋಲಿಸಲು ನೋಡಿದನು. ಯೆರೂಸಲೇಮಿನ ದೇವಾಲಯದ ಶಿಖರಕ್ಕೆ ಕರೆದೊಯ್ದು ಕೆಳಗೆ ಧುಮುಕೆಂದನು. ಹೆರೋದನು ಕಟ್ಟಿಸಿದ ಆ ಆಲಯದ ಅಂಗಳದ ಮೂಲೆಯು ಕಿದ್ರೋನ್ ಕಣಿವೆಯ ಮೇಲೆ ಬಹು ಎತ್ತರವಾಗಿತ್ತು. ಅಲ್ಲಿಯ ಮಂಟಪದ ಮೇಲಿನಿಂದ ಕೆಳಗೆ ನೋಡಿದವನಿಗೆ ತಲೆ ಸುತ್ತುವದೆಂದು ಯೆಹೂದ್ಯ ಚರಿತ್ರಕಾರನಾದ ಯೋಸೇಫಸನು ಬರೆದಿದ್ದಾನೆ. ಆ ಆಲಯವು ಕ್ರಿ. ಶ. ೭೦ರಲ್ಲಿ ರೋಮಾಯರಿಂದ ಹಾಳಾಯಿತು.

ಈ ಸಾರಿ ಸೈತಾನನು ಕೈಯಲ್ಲಿ ಸತ್ಯವೇದವನ್ನು ಹಿಡಿದುಕೊಂಡು ಬಂದನು. ದೂತರು ಕಾಯುವರೆಂಬ ೯೧ನೇ ಕೀರ್ತನೆಯ ಮಾತನ್ನು ಹೇಳಿದನು. ಆದರೆ ಆ ಕೀರ್ತನೆಯ ೧೧ನೇ ವಚನವನ್ನು ತೆರೆದು ನೋಡಿರಿ. ನಿನ್ನ ಎಲ್ಲಾ ಮಾರ್ಗಗಳಲ್ಲಿ ಎಂಬ ಅರ್ಥದ ಮಾತು ಅಲ್ಲಿದೆ. ಸೈತಾನನು ಅದನ್ನು ಬಿಟ್ಟನು. ದೇವರು ತೋರಿಸಿದ ಮಾರ್ಗದಲ್ಲಿ ನಡೆಯುವವನಿಗೆ ಕಾವಲುಂಟು; ತಾನಾಗಿ ಗೋಡೆಯಿಂದ ಹಾರುವವನಿಗೆ ಆ ವಾಗ್ದಾನವಿಲ್ಲ. ಅದೇ ಕೀರ್ತನೆಯ ೧೩ನೇ ವಚನವು ಸರ್ಪವನ್ನು ತುಳಿಯುವದನ್ನು ಕುರಿತು ಮಾತಾಡುತ್ತದೆ. ಅಲ್ಲಿಗೆ ಬರುವ ಮುಂಚೆಯೇ ಅವನು ಬಾಯಿ ಮುಚ್ಚಿದನು! ಆದಕಾರಣ ಒಂದು ವಚನದ ತುಂಡನ್ನು ಹಿಡಿದು ಯಾರಾದರೂ ನಿಮ್ಮನ್ನು ಕರೆದರೆ, ಹಿಂದಿನ ವಚನವನ್ನೂ ಮುಂದಿನ ವಚನವನ್ನೂ ಓದಿರಿ. ಓದು ಬಾರದವರು ಓದಬಲ್ಲ ಮಗನಿಂದಾಗಲಿ ಮಗಳಿಂದಾಗಲಿ ಓದಿಸಿ ಕೇಳಿರಿ.

ಇಸ್ರಾಯೇಲ್ಯರು ಮಸ್ಸಾ ಎಂಬಲ್ಲಿ ನೀರಿಲ್ಲದೆ, ಯೆಹೋವನು ನಮ್ಮ ನಡುವೆ ಇದ್ದಾನೋ ಇಲ್ಲವೋ ಎಂದು ದೇವರನ್ನೇ ಪರೀಕ್ಷಿಸಿದರು (ವಿಮೋಚನಕಾಂಡ ೧೭). ಹಾಗೆ ಮಾಡಬಾರದೆಂಬುವದೇ ಕರ್ತನ ಎರಡನೆಯ ಉತ್ತರ.

ಇದು ನಮ್ಮ ಹಳ್ಳಿಗಳಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ವಿಷಯ. ಹೊಲದಲ್ಲಿ ಒಬ್ಬನಿಗೆ ಹಾವು ಕಚ್ಚಿತೆಂದು ನೆನಸಿರಿ. ಮನೆಯವರು, “ನಾವು ಪ್ರಾರ್ಥಿಸುವವರು, ಆಸ್ಪತ್ರೆಗೆ ಹೋದರೆ ನಂಬಿಕೆಯು ಸಾಲದೆಂದಾಗುವದು” ಎಂದು ಅವನನ್ನು ಮನೆಯಲ್ಲಿಯೇ ಮಲಗಿಸಿದರೆ, ಅದು ನಂಬಿಕೆಯಲ್ಲ, ಶಿಖರದಿಂದ ಧುಮುಕುವದೇ. ಹಾವಿನ ವಿಷಕ್ಕೆ ಪ್ರತಿವಿಷದ ಔಷಧವು ಆಸ್ಪತ್ರೆಯಲ್ಲಿ ಉಂಟು; ಅದು ಬೇಗನೆ ಸೇರಿದಷ್ಟು ಒಳ್ಳೇದು. ಆ ಔಷಧವೂ ದೇವರ ದಯೆಯಿಂದ ದೊರೆತದ್ದೇ. ಅವನನ್ನು ಅಲುಗಾಡಿಸದೆ ಗಾಡಿಯಲ್ಲಿ ಮಲಗಿಸಿ ಕೂಡಲೇ ಒಯ್ಯಿರಿ, ದಾರಿಯುದ್ದಕ್ಕೂ ಪ್ರಾರ್ಥಿಸಿರಿ. ಹಾಗೆಯೇ, “ಮೂರು ದಿನಗಳಲ್ಲಿ ಮಗುವಿನ ಜ್ವರವು ಬಿಡದಿದ್ದರೆ ನಾನು ಈ ದೇವರನ್ನು ಬಿಟ್ಟೆನು” ಎಂದು ಹರಕೆಯ ರೀತಿಯಲ್ಲಿ ದೇವರಿಗೆ ಗಡುವು ಹಾಕುವದೂ ಇದೇ ಶೋಧನೆ. ತಂದೆಯನ್ನು ನಂಬುವ ಮಗನು ಬೇಡಿಕೊಳ್ಳುವನು. ತಂದೆಯ ಮುಂದೆ ಕರಾರುಪತ್ರವನ್ನು ಇಡನು.

೫. ಮೂರನೆಯ ಶೋಧನೆ: ಒಂದೇ ಸಾರಿ ಅಡ್ಡಬೀಳುವದು

ಕೊನೆಗೆ ಸೈತಾನನು ಎತ್ತರವಾದ ಬೆಟ್ಟದಿಂದ ಲೋಕದ ರಾಜ್ಯಗಳನ್ನೂ ಅವುಗಳ ವೈಭವವನ್ನೂ ತೋರಿಸಿ, ನನಗೆ ಅಡ್ಡಬಿದ್ದರೆ ಇದೆಲ್ಲವನ್ನೂ ಕೊಡುವೆನೆಂದನು. ಈ ರಾಜ್ಯಗಳು ಹೇಗೂ ಕರ್ತನದಾಗತಕ್ಕವುಗಳೇ. ತಂದೆಯು ತೋರಿಸಿದ ದಾರಿಯಲ್ಲಿ ಶಿಲುಬೆಯಿತ್ತು. ಸೈತಾನನು ತೋರಿಸಿದ ದಾರಿಯಲ್ಲಿ ಶಿಲುಬೆಯಿಲ್ಲ, ಮೊಣಕಾಲೂರುವ ಒಂದು ಕ್ಷಣ ಮಾತ್ರ. ಅವನು ಮಾರಿದ್ದು ಅಡ್ಡದಾರಿಯನ್ನು. ದೇವರೊಬ್ಬನಿಗೇ ಅಡ್ಡಬಿದ್ದು ಆತನೊಬ್ಬನನ್ನೇ ಸೇವಿಸಬೇಕೆಂದು ಹೇಳಿ ಕರ್ತನು ಅವನನ್ನು ಅಟ್ಟಿಬಿಟ್ಟನು.

ಒಬ್ಬ ರೈತನನ್ನು ನೆನಸೋಣ. ಅವನ ದೊಡ್ಡಪ್ಪನಿಗೂ ಪಕ್ಕದ ಹೊಲದ ವಿಧವೆಗೂ ಬಾಂದುಕಲ್ಲಿನ ವಿಷಯದಲ್ಲಿ ವ್ಯಾಜ್ಯವಿದೆ. ದೊಡ್ಡಪ್ಪನು ರಾತ್ರಿ ಇವನ ಜಗಲಿಗೆ ಬಂದು ಕೂತು, “ಕೋರ್ಟಿನಲ್ಲಿ ಒಂದೇ ಮಾತು ಹೇಳು, ಮಗನೇ. ಕಲ್ಲು ಮೊದಲಿನಿಂದಲೂ ಅಲ್ಲೇ ಇತ್ತೆಂದು ಹೇಳು. ಗೆದ್ದರೆ ಎರಡು ಎಕರೆ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ. ಆದಿತ್ಯವಾರ ನೀನು ನಿನ್ನ ಪ್ರಾರ್ಥನೆಗೆ ಹೋಗು, ಯಾರು ಬೇಡವೆಂದರು?” ಎನ್ನುತ್ತಾನೆ.

“ದೊಡ್ಡಪ್ಪಾ, ಆ ಕಲ್ಲು ಎಲ್ಲಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು,” ಎಂದು ಇವನು ಮೆಲ್ಲಗೆ ಹೇಳುತ್ತಾನೆ.

“ನಿನ್ನ ಅಪ್ಪ ಸತ್ತಾಗ ನಿನಗೆ ಅನ್ನ ಹಾಕಿದವನು ನಾನು. ಅದು ನೆನಪಿಲ್ಲವೋ?”

“ನೆನಪಿದೆ, ದೊಡ್ಡಪ್ಪಾ. ನಿಮ್ಮ ಹೊಲದಲ್ಲಿ ನನ್ನ ಎತ್ತುಗಳನ್ನು ಕಟ್ಟಿ ಉಳುತ್ತೇನೆ. ನೀವು ಮಲಗಿದರೆ ರಾತ್ರಿಯೆಲ್ಲಾ ನಿಮ್ಮ ಕಾಲ ಬಳಿ ಕೂತಿರುತ್ತೇನೆ. ಈ ಮಾತೊಂದನ್ನು ಮಾತ್ರ ಹೇಳಲಾರೆ.”

ಪ್ರಿಯರೇ, ಇಂಥ ರಾತ್ರಿಯು ಎಷ್ಟು ಕಠಿಣವೆಂದು ಕೋರ್ಟಿನ ಮೆಟ್ಟಲು ಕಾಣದವನಿಗೆ ತಿಳಿಯದು. ಈ ರೈತನಿಗೆ ಎರಡು ಎಕರೆ ಹೋಯಿತು. ದೊಡ್ಡಪ್ಪನು ಮದುವೆಗೆ ಕರೆಯದೆ ಹೋಗಬಹುದು. ಶೋಧನೆಯನ್ನು ಜಯಿಸಿದವನಿಗೆ ಕೂಡಲೇ ಲಾಭವಾಗುವದೆಂದು ಹೇಳಿದರೆ ನಾವೂ ಸುಳ್ಳುಸಾಕ್ಷಿಗಳಾಗುವೆವು. ಯೇಸು ಮೂರನೆಯ ಉತ್ತರವನ್ನು ಕೊಟ್ಟಾಗಲೂ ಹಸಿದವನಾಗಿಯೇ ಇದ್ದನು. ಆದರೆ ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ನೋಡಿರಿ. ಗಲಿಲಾಯದ ಒಂದು ಬೆಟ್ಟದ ಮೇಲೆ, ಮರಣದಿಂದ ಎದ್ದ ಕರ್ತನು, ಪರಲೋಕದಲ್ಲಿಯೂ ಭೂಲೋಕದಲ್ಲಿಯೂ ಎಲ್ಲಾ ಅಧಿಕಾರವು ತನಗೆ ಕೊಡಲ್ಪಟ್ಟಿತೆಂದು ಹೇಳುತ್ತಾನೆ. ಒಂದು ಬೆಟ್ಟದ ಮೇಲೆ ವೈರಿಯ ಕೈಯಿಂದ ಬೇಡವೆಂದದ್ದನ್ನು ಇನ್ನೊಂದು ಬೆಟ್ಟದ ಮೇಲೆ ತಂದೆಯ ಕೈಯಿಂದ ಹೊಂದಿದನು. ಎರಡು ಬೆಟ್ಟಗಳ ನಡುವೆ ಶಿಲುಬೆಯಿತ್ತು.

“ಒಂದೇ ಸಾರಿ” ಎಂಬ ಮಾತು ಬಂದಲ್ಲೆಲ್ಲಾ ಎಚ್ಚರವಾಗಿರಿ. ಒಂದೇ ಲೋಟ, ಒಂದೇ ಸುಳ್ಳು, ಬಂಧುಗಳ ಮನಸ್ಸಿಗಾಗಿ ಒಂದೇ ಸಾರಿ ಅಡ್ಡಬೀಳುವದು. ಬಂಧುಗಳನ್ನು ಪ್ರೀತಿಸಿರಿ, ಅವರ ಹೊಲದ ಕೆಲಸಕ್ಕೂ ಅವರ ಮನೆಯ ದುಃಖಕ್ಕೂ ಎಲ್ಲರಿಗಿಂತ ಮೊದಲು ಹೋಗಿರಿ, ಅವರ ವಿಷಯವಾಗಿ ಹಗುರಾಗಿ ಮಾತಾಡಬೇಡಿರಿ. ಆದರೆ ಆರಾಧನೆಯು ಒಬ್ಬನಿಗೇ ಸಲ್ಲತಕ್ಕದ್ದು.

೬. ನಿಲ್ಲುವದು ಹೇಗೆ?

ಮೊದಲನೆಯದು, ದೇವರ ವಾಕ್ಯವು ಹೃದಯದಲ್ಲಿರಬೇಕು. ಅಡವಿಯಲ್ಲಿ ಕರ್ತನ ಕೈಯಲ್ಲಿ ಪುಸ್ತಕದ ಸುರುಳಿ ಇರಲಿಲ್ಲ. ಚಿಕ್ಕಂದಿನಿಂದ ಕಲಿತದ್ದೇ ಬಾಯಿಗೆ ಬಂತು. ಕಳ್ಳನು ಮನೆಗೆ ನುಗ್ಗಿದ ಮೇಲೆ ಕೋಲನ್ನು ಕಡಿಯಲು ತೋಪಿಗೆ ಹೋಗುವವನುಂಟೇ? ಆದಕಾರಣ ವಾರಕ್ಕೊಂದು ವಚನವನ್ನಾದರೂ ಮನೆಯವರೆಲ್ಲರೂ ಬಾಯಿಪಾಠ ಮಾಡಿರಿ. ಬೀಸುವಾಗಲೂ ಕಳೆ ಕೀಳುವಾಗಲೂ ಅದನ್ನು ಹೇಳಿಕೊಳ್ಳಬಹುದು.

ಎರಡನೆಯದು, ಎಚ್ಚರವಾಗಿದ್ದು ಪ್ರಾರ್ಥಿಸಬೇಕು. ಗೆತ್ಸೇಮನೆಯ ತೋಟದಲ್ಲಿ ಕರ್ತನು ಶಿಷ್ಯರಿಗೆ ಇದನ್ನೇ ಹೇಳಿದನು, ಅವರು ಮಲಗಿದರು. ಪ್ರಾರ್ಥಿಸಿದವನು ಶಿಲುಬೆಯವರೆಗೂ ನಿಂತನು, ಮಲಗಿದವರು ಓಡಿಹೋದರು.

ಮೂರನೆಯದು, ಯಾವದರಿಂದ ಓಡಬೇಕು, ಯಾವದನ್ನು ಎದುರಿಸಬೇಕು ಎಂದು ತಿಳಿದಿರಬೇಕು. ಜಾರತ್ವದಿಂದ ಓಡಿಹೋಗಬೇಕೆಂದು ಪೌಲನು ಕೊರಿಂಥದವರಿಗೆ ಬರೆದನು. ಹಣದಾಶೆಯಿಂದ ಓಡಿಹೋಗಬೇಕೆಂದು ತಿಮೊಥೆಯನಿಗೆ ಬರೆದನು. ಪೋಟೀಫರನ ಮನೆಯಲ್ಲಿ ಯೋಸೇಫನು ತನ್ನ ಬಟ್ಟೆಯನ್ನು ಬಿಟ್ಟು ಓಡಿದನು. ಬಟ್ಟೆ ಹೋಯಿತು, ಮಾನವು ಉಳಿಯಿತು, ಆದರೂ ಸೆರೆಮನೆ ಸೇರಿದನು. ಇದಕ್ಕೆ ಬದಲಾಗಿ, ಬೆದರಿಸಿ ನಂಬಿಕೆಯನ್ನು ಬಿಡಿಸಲು ಬರುವ ಸೈತಾನನನ್ನು ಎದುರಿಸಬೇಕೆಂದು ಯಾಕೋಬನೂ ಪೇತ್ರನೂ ಬೋಧಿಸುತ್ತಾರೆ. ನಾವೋ ಇದನ್ನು ತಲೆಕೆಳಗು ಮಾಡುವದುಂಟು: ಆಶೆಯ ಮುಂದೆ ನಿಂತು ವಾದಿಸುತ್ತೇವೆ, ಬೆದರಿಕೆಯ ಮುಂದೆ ಓಡುತ್ತೇವೆ. ಶೆರೆಯ ಅಂಗಡಿಯ ಮುಂದೆ ನಿಂತು “ನಾನು ಕುಡಿಯೆನು” ಎಂದು ಹಟಮಾಡುವದಕ್ಕಿಂತ, ಅರ್ಧ ಮೈಲು ಸುತ್ತಾದರೂ ಬೇರೆ ದಾರಿಯಿಂದ ಮನೆಗೆ ಬರುವದು ಲೇಸು.

ನಾಲ್ಕನೆಯದು, ಒಬ್ಬಂಟಿಗನಾಗಿ ಇರಬಾರದು. ಕರ್ತನು ಒಬ್ಬನೇ ನಿಂತದ್ದು ನಾವು ಒಬ್ಬೊಬ್ಬರಾಗಿ ನಿಲ್ಲದಿರಲೆಂದೇ. ನಂಬತಕ್ಕ ಒಬ್ಬ ಸಹೋದರನಿಗೆ, ಹೆಂಗಸಾದರೆ ಒಬ್ಬ ಹಿರಿಯ ಸಹೋದರಿಗೆ, “ನನಗೆ ಈ ವಿಷಯದಲ್ಲಿ ಶೋಧನೆಯುಂಟು, ನನಗಾಗಿ ಪ್ರಾರ್ಥಿಸು” ಎಂದು ಹೇಳಿರಿ. ಕೇಳಿದವನು ಅದನ್ನು ಬಾವಿಕಟ್ಟೆಗೆ ಒಯ್ದು ಹರಡಿದರೆ, ಬಿದ್ದವನಿಗಿಂತ ಅವನ ಪಾಪವು ದೊಡ್ಡದು. ತಡೆಯಲಾಗದ ಶೋಧನೆಯನ್ನು ದೇವರು ಬರಗೊಡಿಸನು, ಅದರ ಸಂಗಡ ತಪ್ಪಿಸಿಕೊಳ್ಳುವ ದಾರಿಯನ್ನೂ ಸಿದ್ಧಮಾಡುವನು ಎಂದು ೧ ಕೊರಿಂಥ ೧೦:೧೩ರಲ್ಲಿ ಕಲಿಯುತ್ತೇವೆ. ಅನೇಕಾವರ್ತಿ ಆ ದಾರಿಯು ನೆರೆಮನೆಯ ಸಹೋದರನ ಬಾಗಿಲೇ ಆಗಿರುವದು.

೭. ಬಿದ್ದವನಿಗೆ ಒಂದು ಮಾತು

ಈ ಪಾಠವನ್ನು ಕೇಳುತ್ತಾ, “ಇದೆಲ್ಲಾ ನಿಂತವರಿಗೆ, ನಾನಾದರೋ ಬಿದ್ದಾಯಿತು” ಎಂದು ಒಬ್ಬನು ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂತಿರಬಹುದು. ಸಹೋದರನೇ, ಕೇಳು. ಒಂದೇ ರಾತ್ರಿಯಲ್ಲಿ ಪೇತ್ರನು ಕರ್ತನನ್ನು ಮೂರು ಸಾರಿ ಅರಿಯೆನೆಂದನು. ಆದರೆ ಅವನು ಬೀಳುವದಕ್ಕೆ ಮುಂಚೆಯೇ, ಅವನ ನಂಬಿಕೆಯು ಕುಂದದ ಹಾಗೆ ಯೇಸು ಅವನಿಗೋಸ್ಕರ ಪ್ರಾರ್ಥಿಸಿದ್ದನು (ಲೂಕ ೨೨). ಸಮುದ್ರದ ದಡದಲ್ಲಿ ಕರ್ತನು ಅವನನ್ನು ಮೂರು ಸಾರಿ ನನ್ನನ್ನು ಪ್ರೀತಿಸುತ್ತೀಯೋ ಎಂದು ಕೇಳಿ, ಕುರಿಗಳನ್ನು ಅವನ ಕೈಗೆ ಒಪ್ಪಿಸಿದನು. ಯೂದನೂ ಪಶ್ಚಾತ್ತಾಪಪಟ್ಟನು; ಆದರೆ ಅವನು ಯಾಜಕರ ಬಳಿಗೆ ಹೋದನು, ಕರ್ತನ ಬಳಿಗೆ ಬರಲಿಲ್ಲ. ಇಬ್ಬರೂ ಬಿದ್ದರು, ಒಬ್ಬನು ಮಾತ್ರ ತಿರುಗಿ ಬಂದನು.

ಸಭೆಯ ಚರಿತ್ರೆಯಲ್ಲಿ ಇಂಥದೇ ಇನ್ನೊಂದು ಸಂಗತಿಯುಂಟು. ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾಗಿದ್ದ ಥಾಮಸ್ ಕ್ರ್ಯಾನ್ಮರನು ಮೇರಿ ರಾಣಿಯ ಕಾಲದಲ್ಲಿ ಸೆರೆಯಾದನು. ಆತನ ಸ್ನೇಹಿತರಾದ ಲ್ಯಾಟಿಮರನೂ ರಿಡ್ಲಿಯೂ ೧೫೫೫ನೇ ಅಕ್ಟೋಬರ್ ೧೬ರಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಂಕಿಗೆ ಒಪ್ಪಿಸಲ್ಪಟ್ಟರು. ಮುದುಕನಾದ ಕ್ರ್ಯಾನ್ಮರನು ಸೆರೆಯಲ್ಲಿ ಕುಗ್ಗಿ, ತಾನು ಬೋಧಿಸಿದ್ದನ್ನು ತಳ್ಳಿಬಿಡುವ ಪತ್ರಗಳಿಗೆ ರುಜುಮಾಡಿದನು; ಒಂದಲ್ಲ, ಹಲವು ಸಾರಿ. ಆದರೂ ಅವನಿಗೆ ಮರಣದಂಡನೆ ತಪ್ಪಲಿಲ್ಲ. ೧೫೫೬ನೇ ಮಾರ್ಚ್ ೨೧ರಲ್ಲಿ ಎಲ್ಲರ ಮುಂದೆ ಆ ಪತ್ರಗಳನ್ನು ಓದಿ ಹೇಳಲು ಅವನನ್ನು ನಿಲ್ಲಿಸಿದಾಗ, ಪ್ರಾಣಭಯದಿಂದ ಬರೆದದ್ದೆಲ್ಲಾ ಸುಳ್ಳೆಂದು ಅರಿಕೆಮಾಡಿದನು. ಬೆಂಕಿಯು ಎದ್ದಾಗ, ಆ ರುಜುವನ್ನು ಹಾಕಿದ ಬಲಗೈಯನ್ನೇ ಮೊದಲು ಉರಿಯಲ್ಲಿ ಹಿಡಿದನು. ಅವನು ಬಿದ್ದನೆಂಬುವದನ್ನು ಯಾರೂ ಮುಚ್ಚಿಡಲಿಲ್ಲ; ತಿರುಗಿ ಎದ್ದನೆಂಬುವದನ್ನೂ ಯಾರೂ ಮರೆಯಲಿಲ್ಲ.

ಆದಕಾರಣ ಬಿದ್ದಲ್ಲಿಯೇ ಮಲಗಬೇಡ. ಸುಳ್ಳು ಹೇಳಿದ್ದರೆ ಹೋಗಿ ನಿಜವನ್ನು ಹೇಳು. ತೆಗೆದುಕೊಂಡಿದ್ದರೆ ಹಿಂದಕ್ಕೆ ಕೊಡು; ಒಂದೇ ಸಾರಿ ಕೊಡಲಾಗದಿದ್ದರೆ ಸೇರು ಸೇರಾಗಿ ಕೊಡು. ಬರುವ ಆದಿತ್ಯವಾರ ಹಿಂದಿನ ಸಾಲಿನಲ್ಲಾದರೂ ಬಂದು ಕೂತುಕೋ. ಸಭೆಯವರೇ, ಅವನು ಬಂದಾಗ ಯಾರೂ ತಿರುಗಿ ನೋಡಿ ಪಿಸುಗುಟ್ಟಬಾರದು. ಚಾಪೆಯಲ್ಲಿ ಸ್ವಲ್ಪ ಸರಿದು ಸ್ಥಳಕೊಡಿರಿ.

ಸೈತಾನನು ಕರ್ತನನ್ನು ತಕ್ಕ ಕಾಲದ ವರೆಗೆ ಮಾತ್ರ ಬಿಟ್ಟುಹೋದನೆಂದು ಲೂಕನು ಬರೆಯುತ್ತಾನೆ. ಶಿಲುಬೆಯ ಕೆಳಗೆ ಅದೇ ಮಾತು ತಿರುಗಿ ಕೇಳಿಬಂತು: ದೇವರ ಮಗನಾದರೆ ಇಳಿದು ಬಾ ಎಂದು. ಆತನು ಇಳಿಯಲಿಲ್ಲ. ಇಳಿಯದೆ ಅಲ್ಲಿಯೇ ಇದ್ದದ್ದರಿಂದ ನಿನಗೂ ನನಗೂ ನಿರೀಕ್ಷೆ ಉಂಟಾಯಿತು.

ಸಂಜೆಯ ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

೧. ದೇವರ ಪರೀಕ್ಷೆಗೂ ಸೈತಾನನ ಪ್ರೇರಣೆಗೂ ಇರುವ ಭೇದವೇನು? ಗಡಿಗೆಯ ದೃಷ್ಟಾಂತದಿಂದ ಹೇಳಿರಿ.
೨. ಕರ್ತನ ಮೂರು ಉತ್ತರಗಳು ಮೋಶೆಯ ಯಾವ ಪುಸ್ತಕದಿಂದ ಬಂದವು? ಅದೇ ಪುಸ್ತಕದಿಂದ ಯಾಕೆ?
೩. ಸೈತಾನನು ೯೧ನೇ ಕೀರ್ತನೆಯಿಂದ ಯಾವ ಮಾತನ್ನು ಬಿಟ್ಟನು? ಅದರಿಂದ ನಮಗೆ ಯಾವ ಎಚ್ಚರಿಕೆಯುಂಟು?
೪. ರೋಗಿಯನ್ನು ಆಸ್ಪತ್ರೆಗೆ ಒಯ್ಯುವದು ನಂಬಿಕೆಗೆ ವಿರೋಧವೋ? ಕಾರಣವನ್ನು ಹೇಳಿರಿ.
೫. ಯಾವ ಶೋಧನೆಯಿಂದ ಓಡಬೇಕು? ಯಾವದನ್ನು ಎದುರಿಸಬೇಕು?
೬. ನಮ್ಮ ಸಭೆಯಲ್ಲಿ ಬಾರದೆ ನಿಂತವರು ಯಾರು? ಈ ವಾರ ಅವರ ಮನೆಗೆ ಯಾರು ಹೋಗುವಿರಿ? (ಇದಕ್ಕೆ ಉತ್ತರವನ್ನು ಬಾಯಿಂದಲ್ಲ, ಕಾಲಿನಿಂದ ಕೊಡತಕ್ಕದ್ದು.)

ಪ್ರಾರ್ಥನೆ

ಕರ್ತನಾದ ಯೇಸುವೇ, ನೀನು ಹಸಿದು ನಿಂತೆ. ನಾವು ಉಂಡೂ ಬಿದ್ದೆವು. ನಮ್ಮ ಬಲಹೀನತೆಯನ್ನು ನೀನು ಬಲ್ಲೆ. ಹೊಲದಲ್ಲಿಯೂ ಕಣದಲ್ಲಿಯೂ ಸಂತೆಯಲ್ಲಿಯೂ ಕೋರ್ಟಿನಲ್ಲಿಯೂ ನಮ್ಮ ಬಾಯಿಗೆ ಸತ್ಯವನ್ನು ಕೊಡು. ಓಡತಕ್ಕ ಕಡೆಯಲ್ಲಿ ಕಾಲಿಗೆ ವೇಗವನ್ನೂ ನಿಲ್ಲತಕ್ಕ ಕಡೆಯಲ್ಲಿ ಮನಸ್ಸಿಗೆ ಸ್ಥಿರತೆಯನ್ನೂ ಅನುಗ್ರಹಿಸು. ಬಿದ್ದವರನ್ನು ಎತ್ತು, ಎತ್ತುವ ಕೈಗಳು ನಮ್ಮವಾಗಲಿ. ಆಮೆನ್.